ಹಂದಿ ತಿನ್ನದವರ ಮನೆಯ ಹುಳು

ಇಸ್ಲಾಮಿನಲ್ಲಿ ಹಂದಿ ಮಾಂಸ ಏಕೆ ನಿಷಿದ್ಧ ಎಂಬ ಪ್ರಶ್ನೆಗೆ ನಮ್ಮ ಪತ್ರಿಕೆಗಳಲ್ಲಿ ಒಂದು ಸಿದ್ಧ ಉತ್ತರವಿದೆ. ಹಂದಿ ಕೊಳಕು ತಿನ್ನುತ್ತದೆ, ಅದರ ಮಾಂಸದಲ್ಲಿ ಲಾಡಿಹುಳುವಿನ ಮರಿಗಳಿರುತ್ತವೆ, ಅವು ತಿಂದವನ ಮೆದುಳಿಗೆ ಏರಿ ಮೂರ್ಛೆರೋಗ ತರುತ್ತವೆ. ಹದಿನಾಲ್ಕು ಶತಮಾನಗಳ ಹಿಂದೆಯೇ ಧರ್ಮ ತಿಳಿಸಿದ್ದನ್ನು ಇಂದು ವಿಜ್ಞಾನವೂ ಸಾಬೀತು ಮಾಡಿದೆ. ಉರ್ದು ಶಾಲೆಯಲ್ಲಿ ಓದುತ್ತಿದ್ದಾಗ ಡೈಜೆಸ್ಟುಗಳಲ್ಲಿ ನಾವಿದನ್ನು ಓದಿದ್ದೆವು. ಆಮೇಲೆ ಕನ್ನಡದಲ್ಲೂ ಓದಿದೆವು. 2003ರಲ್ಲಿ, ಕಥೆ ಬರೆಯಲು ಆಗಷ್ಟೇ ಕೈ ಹಚ್ಚಿದ್ದ ದಿನಗಳಲ್ಲಿ, ನಾವೇ ಒಂದನ್ನು ಬರೆದೆವು. ಬರೆದೆವು ಅಂದರೆ ಉರ್ದುವಿನಿಂದ ಎತ್ತಿ ಕನ್ನಡಕ್ಕೆ ಇಳಿಸಿದೆವು, ನಡುವೆ ನಮ್ಮವೂ ನಾಲ್ಕು ಸಾಲು ಸೇರಿಸಿ. ‘ಹಂದಿಯನ್ನು ಮುಟ್ಟದ ಮನೆಗೆ ಈ ಹುಳು ಕಾಲಿಡದು’ ಎಂಬ ಸಾಲು ನಮ್ಮ ಸ್ವಂತದ್ದು. ಆ ಸಾಲಿನ ಬಗ್ಗೆ ನಮಗೆ ಹೆಮ್ಮೆಯೂ ಇತ್ತು.

ಕಥೆಗಳನ್ನು ಓದಿದವರಿಗಿಂತ ಆ ಲೇಖನವನ್ನು ಓದಿದವರೇ ಹೆಚ್ಚು. ಒಂದೆರಡು ಕಡೆ ಮರುಮುದ್ರಣವಾಯಿತು. ನಮ್ಮ ಬಾವ, ಅಂದರೆ ಅಕ್ಕನ ಗಂಡ, ಆ ಪುಟವನ್ನು ಕತ್ತರಿಸಿ ಒಂದು ನೋಟ್‌ಬುಕ್ಕಿಗೆ ಅಂಟಿಸಿಕೊಂಡರು. ಅಂಗಡಿಗೆ ಬರುವ ಹಿಂದೂ ಸ್ನೇಹಿತರು ಕೇಳಿದರೆ ಓದಿ ಹೇಳುತ್ತಿದ್ದರು.

2019ರ ರಂಜಾನಿನಲ್ಲಿ ಒಂದು ದಿನ ಸಹರಿಯ ಹೊತ್ತಿಗೆ ಅಕ್ಕನ ಮಗಳು ಊಟದ ಬಟ್ಟೆಯ ಮೇಲೆಯೇ ಬಿದ್ದಳು. ಹದಿನೈದು ವರ್ಷದ ಹುಡುಗಿ. ಬಲಗೈ ಮೊದಲು ಎಳೆಯಿತು, ಆಮೇಲೆ ಬಾಯಿ ಒಂದು ಕಡೆಗೆ ವಾಲಿತು, ಆಮೇಲೆ ಇಡೀ ಮೈ. ಅಕ್ಕಪಕ್ಕದವರು ಓಡಿಬಂದು ಮುಷ್ಟಿಗೆ ಕಬ್ಬಿಣದ ಬೀಗದಕೈ ತುರುಕಿದರು, ಮೂಗಿಗೆ ಈರುಳ್ಳಿ ಹಿಡಿದರು, ಯಾರೋ ಚಪ್ಪಲಿಯನ್ನೂ ಹಿಡಿದರು. ಮರುದಿನ ಆಮಿಲ್ ಸಾಹೇಬರು ಬಂದು ‘ಸಾಯಾ’ ಎಂದರು, ಹುಣಸೆಮರದ ಕೆಳಗೆ ಹೊತ್ತಲ್ಲದ ಹೊತ್ತಿನಲ್ಲಿ ಹಾದುಹೋಗಿದ್ದಾಳೆ ಎಂದರು. ತಾವೀಜು ಕಟ್ಟಿದರು. ತಾವೀಜು ಕೊರಳಲ್ಲಿರುವಾಗಲೇ ಇನ್ನೆರಡು ಸಲ ಬಿದ್ದಳು. ಹೀಗೆ ತಿಂಗಳು ಕಳೆದ ಮೇಲೆ ನಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸ್ಕ್ಯಾನ್ ಆಯಿತು. ಮೆದುಳಿನ ಎಡಭಾಗದಲ್ಲಿ ಕಡಲೆಕಾಳಿಗಿಂತ ಚಿಕ್ಕದೊಂದು ಉಂಗುರ, ಸುತ್ತ ಬಾವು. ವೈದ್ಯರು ಚಿತ್ರವನ್ನು ಬೆಳಕಿಗೆ ಹಿಡಿದು, ‘ಲಾಡಿಹುಳುವಿನ ಮರಿ. ಹಂದಿಯ ಲಾಡಿಹುಳು ಅಂತಾರಲ್ಲ, ಅದು’ ಎಂದರು.

ಬಾವನ ಮುಖ ನೋಡಲಾಗಲಿಲ್ಲ. ಮಗಳ ತಲೆಯಲ್ಲಿ ಹುಳು ಇದೆ ಎಂಬುದು ಅವರಿಗೆ ಕೇಳಿಸಲೇ ಇಲ್ಲ. ಕೇಳಿಸಿದ್ದು ಹಂದಿ ಎಂಬ ಪದ ಮಾತ್ರ. ‘ಡಾಕ್ಟ್ರೇ, ನಾವು ಮುಸಲ್ಮಾನರು’ ಎಂದರು. ವೈದ್ಯರು ತಾಳ್ಮೆಯಿಂದ, ‘ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮೊನ್ನೆ ಇದೇ ಕುರ್ಚಿಯಲ್ಲಿ ಒಬ್ಬ ಅರ್ಚಕರ ಮಗ ಕೂತಿದ್ದ’ ಎಂದರು. ಬಾವ ಕೇಳಿದ್ದು ಒಂದೇ, ಕಾಗದದಲ್ಲಿ ಹಂದಿ ಅಂತ ಬರೆಯಬೇಡಿ. ವೈದ್ಯರು ‘ನ್ಯೂರೋಸಿಸ್ಟಿಸರ್ಕೋಸಿಸ್’ ಎಂದು ಬರೆದರು. ಮೊಹಲ್ಲಾದಲ್ಲಿ ಆ ಪದ ಯಾರಿಗೂ ಅರ್ಥವಾಗದು ಎಂಬುದು ಬಾವನಿಗೆ ದೊಡ್ಡ ಸಮಾಧಾನವಾಯಿತು.

ಆ ರಾತ್ರಿ ಊರಿಗೆ ಮರಳಿದ ಮೇಲೆ ಅವರು ನೋಟ್‌ಬುಕ್ ತೆಗೆದು ನಮ್ಮ ಮುಂದಿಟ್ಟರು. ಏನೂ ಹೇಳಲಿಲ್ಲ. ನಮ್ಮ ಸಾಲಿನ ಕೆಳಗೆ ಎಂದೋ ಹಾಕಿದ್ದ ಕೆಂಪು ಗೆರೆ ಹಾಗೇ ಇತ್ತು.

ಆಮೇಲೆ ನಾವು ಓದಲು ಕೂತೆವು. ಹದಿನಾರು ವರ್ಷ ಮೊದಲೇ ಓದಬೇಕಿತ್ತು, ಇರಲಿ. ಈ ಹುಳುವಿಗೆ ಎರಡು ದಾರಿಗಳಿವೆ ಎಂಬುದು ಮೊದಲು ತಿಳಿಯಬೇಕಾದ ವಿಷಯ. ಸರಿಯಾಗಿ ಬೇಯದ ಹಂದಿ ಮಾಂಸದಲ್ಲಿ ಮರಿಗಳಿದ್ದರೆ, ತಿಂದವನ ಕರುಳಿನಲ್ಲಿ ಅದು ಲಾಡಿಯಂತೆ ಎರಡರಿಂದ ಏಳು ಮೀಟರಿನವರೆಗೆ ಬೆಳೆಯುತ್ತದೆ. ಅಲ್ಲಿ ಅದು ವರ್ಷಗಟ್ಟಲೆ ಇರಬಲ್ಲದು, ಹೊತ್ತವನಿಗೆ ಬಹುಪಾಲು ಗೊತ್ತೇ ಆಗುವುದಿಲ್ಲ. ಇದು ಒಂದು ದಾರಿ, ಅಷ್ಟೇನೂ ಅಪಾಯವಿಲ್ಲದ್ದು. ಆ ಹುಳುವಿನ ಬಾಲದ ತುಣುಕುಗಳು ಕಳಚಿ ಮಲದೊಂದಿಗೆ ಹೊರಬರುತ್ತವೆ. ಒಂದೊಂದು ತುಣುಕಿನಲ್ಲಿ ಸುಮಾರು 50,000 ಮೊಟ್ಟೆಗಳು. ಮಣ್ಣಿನಲ್ಲಿ, ನೀರಿನಲ್ಲಿ, ಸೊಪ್ಪಿನ ಎಲೆಯ ಅಡಿಯಲ್ಲಿ, ಉಗುರಿನ ಸಂದಿಯಲ್ಲಿ ಅವು ಕಾದಿರುತ್ತವೆ. ಹಂದಿ ಆ ಮಲ ತಿಂದರೆ ಮೊಟ್ಟೆಯೊಡೆದು ಮರಿಗಳು ಅದರ ಮಾಂಸಖಂಡ ಸೇರುತ್ತವೆ. ಮನುಷ್ಯನೇ ಆ ಮೊಟ್ಟೆ ನುಂಗಿದರೆ ಮರಿಗಳು ರಕ್ತದಲ್ಲಿ ಹರಿದು ಅವನ ಸ್ನಾಯುವಿಗೆ, ಕಣ್ಣಿಗೆ, ಮೆದುಳಿಗೆ ಹೋಗುತ್ತವೆ. ಇದು ಎರಡನೇ ದಾರಿ. ನಮ್ಮ ಹುಡುಗಿ ಬಿದ್ದದ್ದು ಈ ದಾರಿಯಲ್ಲಿ.

ಅಂದರೆ ಮೆದುಳಿನ ಹುಳು ಕಸಾಯಿಯ ಅಂಗಡಿಯಿಂದ ನೇರವಾಗಿ ಬರುವುದಿಲ್ಲ. ಮನುಷ್ಯನ ಮಲದಿಂದ ಮನುಷ್ಯನ ಬಾಯಿಗೆ ಬರುತ್ತದೆ. ಹಂದಿ ತಿಂದು ಕರುಳಿನಲ್ಲಿ ಹುಳು ಹೊತ್ತವನು ತನ್ನ ಕೈಯಿಂದ ತನಗೇ ಅಂಟಿಸಿಕೊಳ್ಳಬಹುದು, ಜೊತೆಗಿರುವವರಿಗೂ ಅಂಟಿಸಬಹುದು. ಆದರೆ ಜನ್ಮದಲ್ಲಿ ಹಂದಿ ಮುಟ್ಟದವರು, ಈರುಳ್ಳಿಯನ್ನೂ ತಿನ್ನದ ಸಸ್ಯಾಹಾರಿಗಳು, ಐದು ಹೊತ್ತು ವುಜೂ ಮಾಡುವವರು, ಇವರಾರಿಗೂ ರಿಯಾಯಿತಿ ಇಲ್ಲ. ನಮ್ಮ ದೇಶದಲ್ಲಿ ಈ ಕಾಯಿಲೆಗೆ ಚಿಕಿತ್ಸೆ ಪಡೆಯುವವರಲ್ಲಿ ಬಹುಪಾಲು ಜನ ಹಂದಿ ತಿನ್ನದವರು ಎಂಬುದು ನರರೋಗ ವೈದ್ಯರೆಲ್ಲ ಬಲ್ಲ ಮಾತು. ಈ ಹುಳು ಬೀಡುಬಿಟ್ಟ ಅನೇಕ ಪ್ರದೇಶಗಳಲ್ಲಿ ಅಪಸ್ಮಾರದ ನೂರು ಪ್ರಕರಣಗಳಲ್ಲಿ ಸುಮಾರು ಮೂವತ್ತಕ್ಕೆ ಇದೇ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

‘ವಿಜ್ಞಾನ ಸಾಬೀತು ಮಾಡಿದೆ’ ಎಂದು ಸುಲಭವಾಗಿ ಬರೆದುಬಿಟ್ಟಿದ್ದೆವಲ್ಲ, ಅದು ಹೇಗೆ ಸಾಬೀತಾಯಿತು ಎಂದೂ ನೋಡಿದೆವು. ಸ್ಯಾಕ್ಸನಿಯ ವೈದ್ಯ ಫ್ರೀಡ್ರಿಶ್ ಕ್ಯೂಖೆನ್‌ಮೈಸ್ಟರ್ 1855ರಲ್ಲಿ ಮರಣದಂಡನೆಗೆ ಗುರಿಯಾಗಲಿದ್ದ ಒಬ್ಬ ಕೈದಿಯ ಊಟದಲ್ಲಿ ಹಂದಿಯ ಮರಿಹುಳುಗಳನ್ನು ಗುಟ್ಟಾಗಿ ಸೇರಿಸಿ ತಿನ್ನಿಸಿದ. ಮರಣದಂಡನೆಯ ಬಳಿಕ ಕರುಳು ಬಿಡಿಸಿ ನೋಡಿದಾಗ ಎಳೆಯ ಲಾಡಿಹುಳುಗಳು ಅಂಟಿಕೊಂಡಿದ್ದವು. ಕೊನೆಯ ಊಟದಲ್ಲಿ ಏನಿದೆ ಎಂದು ಆ ಕೈದಿಗೆ ಯಾರೂ ಹೇಳಲಿಲ್ಲ. ಆ ಕಾಲದಲ್ಲೇ ಕೆಲವರು ಇದನ್ನು ಖಂಡಿಸಿದರು. ಇಂದು ಪಠ್ಯಪುಸ್ತಕದಲ್ಲಿ ಬಾಣದ ಗುರುತು ಹಾಕಿ ಬರೆಯುವ ಜೀವನಚಕ್ರದ ಒಂದು ಬಾಣ ಆ ಮನುಷ್ಯನ ಹೊಟ್ಟೆಯ ಮೂಲಕ ಹಾದಿದೆ. ನಮ್ಮ ಹಳೆಯ ಲೇಖನದಲ್ಲಿ ಹಂದಿಗೆ ಎರಡು ಪುಟವಿತ್ತು, ಅವನಿಗೆ ಒಂದು ಸಾಲೂ ಇರಲಿಲ್ಲ.

ಈಗ ನಿಷೇಧದ ಮಾತಿಗೆ ಬರೋಣ. ಇದನ್ನು ಓದಿ, ‘ಹಾಗಾದರೆ ಹಂದಿ ತಿಂದರೆ ತಪ್ಪಿಲ್ಲ ಅನ್ನುತ್ತೀರಾ?’ ಎಂದು ಕೇಳುವ ಓದುಗರಿದ್ದಾರೆ. ಅವರ ಕಳವಳ ನಮಗೆ ಅರ್ಥವಾಗುತ್ತದೆ. ಕುರ್‌ಆನಿನಲ್ಲಿ ನಾಲ್ಕು ಕಡೆ ಈ ನಿಷೇಧ ಬಂದಿದೆ, ಲಾಡಿಹುಳುವಿನ ಪ್ರಸ್ತಾಪ ಒಂದು ಕಡೆಯೂ ಇಲ್ಲ. ನಮ್ಮ ಫಿಕ್ಹ್ ವಿದ್ವಾಂಸರು ಎರಡು ಪದಗಳನ್ನು ಬಹಳ ಎಚ್ಚರದಿಂದ ಬೇರೆ ಇಟ್ಟಿದ್ದಾರೆ. ‘ಇಲ್ಲತ್’ ಅಂದರೆ ವಿಧಿ ಯಾವುದರ ಮೇಲೆ ನಿಂತಿದೆಯೋ ಆ ಕಾರಣ, ಅದು ಹೋದರೆ ವಿಧಿಯೂ ಹೋಗುತ್ತದೆ. ‘ಹಿಕ್ಮತ್’ ಅಂದರೆ ವಿಧಿಯಲ್ಲಿ ಮನುಷ್ಯನಿಗೆ ಕಾಣುವ ಒಳಿತು, ಅದು ಕಾಣಲಿ ಬಿಡಲಿ ವಿಧಿ ನಿಲ್ಲುತ್ತದೆ. ಮದ್ರಸಾದಲ್ಲಿ ಹೇಳಿಕೊಡುವ ಉದಾಹರಣೆ ಪ್ರಯಾಣದ್ದು. ಪ್ರಯಾಣದಲ್ಲಿ ನಾಲ್ಕು ರಕಅತ್ ನಮಾಜನ್ನು ಎರಡಕ್ಕೆ ಇಳಿಸುತ್ತೇವೆ. ಅದರ ಹಿಕ್ಮತ್ ಪ್ರಯಾಣದ ಕಷ್ಟ. ಆದರೆ ಇಲ್ಲತ್ ಕಷ್ಟವಲ್ಲ, ಪ್ರಯಾಣ. ಆದ್ದರಿಂದ ವಿಮಾನದಲ್ಲಿ ಕಾಲು ಚಾಚಿ ಕುಳಿತು ದುಬೈಗೆ ಹೋದವನೂ ಎರಡೇ ರಕಅತ್ ಮಾಡುತ್ತಾನೆ, ಊರಲ್ಲೇ ಇಡೀ ದಿನ ಮೂಟೆ ಹೊತ್ತ ಹಮಾಲಿ ನಾಲ್ಕನ್ನೂ ಮಾಡುತ್ತಾನೆ.

ನಾವು ಮಾಡಿದ ತಪ್ಪು ಇಲ್ಲಿದೆ. ಹುಳುವನ್ನು ಇಲ್ಲತ್ ಮಾಡಿಬಿಟ್ಟೆವು. ಹುಳುವೇ ಕಾರಣವಾದರೆ, ಚೆನ್ನಾಗಿ ಬೇಯಿಸಿದ ಮಾಂಸದಲ್ಲಿ ಮರಿ ಸಾಯುತ್ತದೆ. ಗಂಟೆಗಟ್ಟಲೆ ಕುದಿಸಿ ಕಾಚಂಪುಳಿ ಹಾಕಿ ಮಾಡುವ ಕೊಡಗಿನ ಪಂದಿಕರಿಯಲ್ಲಿ ಯಾವ ಹುಳು ಉಳಿದೀತು? ಡೆನ್ಮಾರ್ಕಿನ ಕಾರ್ಖಾನೆಯಂಥ ಕೊಟ್ಟಿಗೆಗಳಲ್ಲಿ ಬೆಳೆದ ಹಂದಿ ಮನುಷ್ಯನ ಮಲದ ಮುಖವನ್ನೇ ನೋಡಿರುವುದಿಲ್ಲ. ಅದು ಹಲಾಲ್ ಆಗಿಬಿಡುತ್ತದೆಯೇ? ಇನ್ನೊಂದು ಕಡೆಯಿಂದ ನೋಡಿ. ದನಕ್ಕೂ ಒಂದು ಲಾಡಿಹುಳು ಇದೆ, ಅರೆಬೆಂದ ಕೀಮಾದಿಂದ ಮನುಷ್ಯನ ಕರುಳಿಗೆ ಬರುತ್ತದೆ. ಮೆದುಳಿಗೆ ಹೋಗುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಕುರಿಯ ಶ್ವಾಸಕೋಶ, ಪಿತ್ತಜನಕಾಂಗಗಳಲ್ಲಿ ನೀರುಗುಳ್ಳೆಗಳನ್ನು ತರುವ ಇನ್ನೊಂದು ಹುಳುವಿದೆ. ಕಡಿದ ಕುರಿಯ ಆ ಭಾಗಗಳನ್ನು ನಾಯಿಗೆ ಎಸೆದರೆ ಅದು ನಾಯಿಯಲ್ಲಿ ಬೆಳೆಯುತ್ತದೆ, ನಾಯಿಯ ಮಲದಿಂದ ಮತ್ತೆ ಕುರಿಗೂ ಮನುಷ್ಯನಿಗೂ ಬರುತ್ತದೆ. ಬಕ್ರೀದ್ ದಿನ ನಮ್ಮ ಗಲ್ಲಿಯ ಮೂಲೆಯಲ್ಲಿ ನಾಯಿಗಳು ಏನನ್ನು ಎಳೆದಾಡುತ್ತಿರುತ್ತವೆ ಎಂದು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಹುಳುವಿನ ಲೆಕ್ಕದಲ್ಲಿ ಹಲಾಲ್ ಹರಾಮ್ ನಿರ್ಧರಿಸಹೊರಟರೆ ನಮ್ಮ ತಟ್ಟೆಯೂ ಬರಿದಾದೀತು. ಅಲ್ಲಾಹನ ಆಜ್ಞೆ ಎಂದು ಬಿಟ್ಟಿದ್ದೇವೆ ಅನ್ನುವುದೇ ಪ್ರಾಮಾಣಿಕ ಉತ್ತರ. ಅದನ್ನು ಹೇಳಲು ನಾಚಿ ಸೂಕ್ಷ್ಮದರ್ಶಕವನ್ನು ಸಾಕ್ಷಿಗೆ ಕರೆದೆವು. ಸಾಕ್ಷಿ ಕಟಕಟೆಗೆ ಬಂದು ನಮ್ಮ ವಿರುದ್ಧವೇ ಮಾತಾಡಿತು.

ಇಂಥ ಕಾರಣ ಹುಡುಕುವ ಆಸೆ ಹೊಸದಲ್ಲ. ಸಲಾಹುದ್ದೀನನ ಕಾಲದ ಕೈರೋದಲ್ಲಿ ವೈದ್ಯನಾಗಿದ್ದ ಯಹೂದಿ ವಿದ್ವಾಂಸ ಮೂಸಾ ಇಬ್ನ್ ಮೈಮೂನ್ ತನ್ನ ಧರ್ಮದ ಹಂದಿ ನಿಷೇಧಕ್ಕೆ ಅರಬಿಯಲ್ಲಿ ಕಾರಣ ಬರೆದ. ಅವನ ವಾದ ಕುತೂಹಲಕರವಾಗಿದೆ. ಹಂದಿಗೆ ಅನುಮತಿಯಿದ್ದಿದ್ದರೆ ಬೀದಿಗಳೂ ಮನೆಗಳೂ ಪಾಯಿಖಾನೆಗಿಂತ ಹೊಲಸಾಗುತ್ತಿದ್ದವು, ಫ್ರಾಂಕರ ದೇಶ ನೋಡಿ ಎಂಬರ್ಥದಲ್ಲಿ ಹೇಳುತ್ತಾನೆ. ಅವನಿಗೆ ಹುಳು ಗೊತ್ತಿರಲಿಲ್ಲ. ಆದರೆ ಕಣ್ಣು ತಟ್ಟೆಯ ಮೇಲಲ್ಲ, ಬೀದಿಯ ಮೇಲಿತ್ತು.

ಅವನ ಜನಾಂಗದವರಿಗೇ ಎಂಟು ಶತಮಾನಗಳ ನಂತರ ನಮ್ಮ ಹುಡುಗಿಗಾದದ್ದೇ ಆಯಿತು. ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದಿ ಸಮುದಾಯದಲ್ಲಿ, ಒಬ್ಬರಿಗೊಬ್ಬರು ಸಂಬಂಧಿಕರಲ್ಲದ ನಾಲ್ವರಿಗೆ ಮೇಲಿಂದ ಮೇಲೆ ಸೆಳವು ಬಂತು. ಮೆದುಳಿನಲ್ಲಿ ಹಂದಿಯ ಲಾಡಿಹುಳುವಿನ ಮರಿ ಸಿಕ್ಕಿತು. ಅಡುಗೆಮನೆಯಲ್ಲಿ ಹಾಲಿನ ಪಾತ್ರೆಯನ್ನೂ ಮಾಂಸದ ಪಾತ್ರೆಯನ್ನೂ ಬೇರೆಬೇರೆ ಇಡುವಷ್ಟು ಕಟ್ಟುನಿಟ್ಟಿನ ಜನ, ಹಂದಿಯ ಹೆಸರೆತ್ತುವ ಪ್ರಶ್ನೆಯೇ ಇಲ್ಲ. 1992ರಲ್ಲಿ ಪೀಟರ್ ಶಾಂಟ್ಸ್ ಮತ್ತು ಸಂಗಡಿಗರು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಇದರ ತನಿಖೆಯನ್ನು ಪ್ರಕಟಿಸಿದರು. ಆ ಮನೆಗಳಲ್ಲಿ ಕೆಲಸಕ್ಕಿದ್ದವರು ಲ್ಯಾಟಿನ್ ಅಮೆರಿಕದಿಂದ ಹೊಟ್ಟೆಪಾಡಿಗೆ ಬಂದ ಹೆಂಗಸರು. ಅವರಲ್ಲಿ ಒಬ್ಬಳ ಕರುಳಿನಲ್ಲಿ ಹುಳು ಇರುವುದು ಪರೀಕ್ಷೆಯಲ್ಲಿ ತಿಳಿಯಿತು. ಇಂಥ ಪ್ರದೇಶಗಳಿಂದ ಬಂದವರನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲು ತಪಾಸಣೆ ಮಾಡಿಸಬೇಕು ಎಂಬ ಸಲಹೆ ಬಂತು. ಸಲಹೆ ತಪ್ಪಲ್ಲ. ಆದರೆ ಆ ಹೆಂಗಸೂ ಒಬ್ಬ ರೋಗಿ. ತನ್ನೊಳಗೆ ಹುಳುವಿದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಊರಲ್ಲಿ ಶೌಚಾಲಯವಿಲ್ಲದೆ, ಮಾಂಸ ತಪಾಸಣೆಯಿಲ್ಲದೆ ಹುಳು ಹೊತ್ತುಕೊಂಡು, ಗಡಿ ದಾಟಿ, ಬೇರೆಯವರ ಮಕ್ಕಳಿಗೆ ಉಣಿಸುತ್ತಿದ್ದಳು. ನಾಲ್ಕು ಮನೆಗಳ ಕಥೆಯನ್ನು ಜಗತ್ತು ಅಚ್ಚರಿಯಿಂದ ಓದಿತು. ಅಚ್ಚರಿಗೆ ಕಾರಣ ಅವರು ಯಹೂದಿಗಳಾಗಿದ್ದದ್ದು. ಅವಳ ಊರಿನಲ್ಲಿ ಎಷ್ಟು ಮಕ್ಕಳು ಹೀಗೆ ಬೀಳುತ್ತಿದ್ದರು ಎಂಬುದರಲ್ಲಿ ಯಾರಿಗೂ ಅಚ್ಚರಿ ಇರಲಿಲ್ಲ.

ನ್ಯೂಯಾರ್ಕಿನ ಮಾತು ನಮಗೆ ತಟ್ಟಿದ್ದಕ್ಕೆ ಕಾರಣವಿದೆ. ಅಕ್ಕನ ಮನೆಗೆ ಪಾತ್ರೆ ತೊಳೆಯಲು ಒಬ್ಬ ಹೆಂಗಸು ಬರುತ್ತಿದ್ದಳು. ಅವಳ ಕಡೆಯವರು ಊರಾಚೆ ಹಂದಿ ಸಾಕುತ್ತಾರೆ. ವೈದ್ಯರು ಹೇಳಿದ್ದು ಸರಳವಾಗಿತ್ತು: ಹುಳು ಹೊತ್ತವರು ಸಾಮಾನ್ಯವಾಗಿ ಹತ್ತಿರದಲ್ಲೇ ಇರುತ್ತಾರೆ, ಮನೆಮಂದಿಯೆಲ್ಲ ಮಲ ಪರೀಕ್ಷೆ ಮಾಡಿಸಿ, ಅಡುಗೆಗೆ ಕೈ ಹಾಕುವವರೂ ಮಾಡಿಸಲಿ, ಹುಳು ಇದ್ದರೆ ಒಂದೆರಡು ಮಾತ್ರೆಯಲ್ಲಿ ಹೋಗುತ್ತದೆ. ಬಾವ ಕೆರಳಿದರು. ‘ನಮ್ಮ ಮನೆಯವರ ಹೊಟ್ಟೆಯಲ್ಲಿ ಹಂದಿಹುಳು ಹುಡುಕುವುದೇ?’ ಮನೆಯವರ ಪರೀಕ್ಷೆ ಆಗಲಿಲ್ಲ. ಆ ಹೆಂಗಸಿನದೂ ಆಗಲಿಲ್ಲ. ಅವಳನ್ನು ಮರುದಿನ ಬಾಗಿಲಿನಿಂದಲೇ ಕಳಿಸಿಬಿಟ್ಟರು. ಕಾರಣ ಹೇಳಲಿಲ್ಲ, ಹೇಳಿದರೆ ಸುದ್ದಿ ಹೊರಹೋಗುತ್ತದಲ್ಲ! ಏಳು ವರ್ಷ ಬಂದು ಹೋದವಳು. ಅಕ್ಕ ಏನೂ ಅನ್ನಲಿಲ್ಲ. ನಾವೂ ಅಲ್ಲೇ ಕುರ್ಚಿಯಲ್ಲಿ ಕೂತಿದ್ದೆವು, ನಾವೂ ಏನೂ ಅನ್ನಲಿಲ್ಲ. ಬಡವರ, ಅವಮಾನಿತರ ಕಥೆಗಳನ್ನು ಬರೆದು ಎರಡು ಬಹುಮಾನ ಪಡೆದವರು ನಾವು.

ಅವಳಿಂದ ಬಂದಿರಬಹುದಿತ್ತೇ? ಬಂದಿರಬಹುದಿತ್ತು. ಹೋಟೆಲಿನ ಅಡುಗೆಯವನಿಂದ, ಚರಂಡಿ ನೀರಿನಲ್ಲಿ ಬೆಳೆದ ಕೊತ್ತಂಬರಿಯಿಂದ, ಶಾಲೆಯ ಎದುರಿನ ಪಾನಿಪೂರಿ ಗಾಡಿಯಿಂದಲೂ ಬಂದಿರಬಹುದಿತ್ತು. ಮೊಟ್ಟೆ ನುಂಗಿದ ದಿನಕ್ಕೂ ಮೊದಲ ಸೆಳವಿಗೂ ನಡುವೆ ವರ್ಷಗಳೇ ಕಳೆದಿರಬಹುದು. ಇದು ಚೆನ್ನಾಗಿ ಗೊತ್ತಾದದ್ದು ಭಾರತದಲ್ಲಿ ನೌಕರಿ ಮಾಡಿ ಮರಳಿದ ಬ್ರಿಟಿಷ್ ಸೈನಿಕರಿಂದ. ಊರಿಗೆ ಹೋಗಿ ಎಷ್ಟೋ ಕಾಲದ ಮೇಲೆ ಅವರಿಗೆ ಅಪಸ್ಮಾರ ಶುರುವಾಗುತ್ತಿತ್ತು. ಅಂಥ 450 ಮಂದಿಯ ವಿವರ 1961ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಈ ಮರಿ ಜೀವಂತವಾಗಿರುವಷ್ಟು ಕಾಲ ದೇಹದ ಕಣ್ಣು ತಪ್ಪಿಸಿಕೊಂಡು ಸುಮ್ಮನಿರುತ್ತದಂತೆ. ಅದು ಸಾಯತೊಡಗಿದಾಗಲೇ ದೇಹಕ್ಕೆ ಗೊತ್ತಾಗಿ ಬಾವು ಏಳುವುದು, ಸೆಳವು ಬರುವುದು. ಹೀಗಿರುವಾಗ ಯಾರತ್ತ ಬೆರಳು ತೋರಿಸುವುದು?

ಅಕ್ಕನ ದೊಡ್ಡ ಮಗ ಆಗ ಬೆಂಗಳೂರಿನಲ್ಲಿ ಗೆಳೆಯರ ಜೊತೆ ಕೋಣೆ ಮಾಡಿಕೊಂಡು ಓದುತ್ತಿದ್ದ. ರಜೆಗೆಲ್ಲ ಊರಿಗೆ ಬರುತ್ತಿದ್ದ, ತಂಗಿಗೆ ಕೈತುತ್ತು ಕೊಡುವಷ್ಟು ಪ್ರೀತಿ. ವಿಷಯ ತಿಳಿದ ವಾರದಲ್ಲಿ ಅವನು ಒಬ್ಬನೇ ಒಂದು ಪ್ರಯೋಗಾಲಯಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದನಂತೆ. ನಮಗೆ ಮಾತ್ರ ಹೇಳಿದ. ಫಲಿತಾಂಶವನ್ನು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹಂದಿ ಕೊಳಕು ತಿನ್ನುತ್ತದೆ ಎಂದು ಬರೆದ ನಾವು ಆ ಕೊಳಕು ಯಾರದೆಂದು ಬರೆದಿರಲಿಲ್ಲ. ನಮ್ಮ ಬಾಲ್ಯದಲ್ಲಿ ಮೊಹಲ್ಲಾದ ಹಿಂದೆ ಒಂದು ಬಯಲಿತ್ತು. ಶೌಚಾಲಯವಿದ್ದ ಮನೆಗಳು ಕೈಬೆರಳಲ್ಲಿ ಎಣಿಸುವಷ್ಟು. ಮಕ್ಕಳಾದ ನಾವು ಬೆಳಿಗ್ಗೆ ಒಂದು ಕೈಯಲ್ಲಿ ನೀರಿನ ಡಬ್ಬಿ, ಇನ್ನೊಂದು ಕೈಯಲ್ಲಿ ಕೋಲು ಹಿಡಿದು ಹೋಗುತ್ತಿದ್ದೆವು. ಕೋಲು ಹಂದಿ ಓಡಿಸುವುದಕ್ಕೆ. ಕೂತಲ್ಲಿಂದ ಏಳುವವರೆಗೂ ಅವು ಕಾಯುತ್ತಿರಲಿಲ್ಲ. ಎದ್ದು ಬಂದು ಕಾಲು ತೊಳೆದು, ವುಜೂ ಮಾಡಿ, ‘ಛೀ ಹಂದಿ’ ಅನ್ನುತ್ತಿದ್ದೆವು. ಆ ಹಂದಿಗಳನ್ನು ಸಾಕಿದವರು ಊರಾಚೆಯ ಗುಡಿಸಲಿನವರು, ಉಣಿಸುತ್ತಿದ್ದವರು ನಾವು. ದಾರಿಯಲ್ಲಿ, ಜನ ಕೂರುವ ನೆರಳಿನಲ್ಲಿ, ನೀರಿನ ದಡದಲ್ಲಿ ಮಲವಿಸರ್ಜನೆ ಮಾಡುವುದನ್ನು ಶಾಪಕ್ಕೆ ಗುರಿಯಾಗುವ ಕೆಲಸವೆಂದು ಪ್ರವಾದಿಯವರು ಎಚ್ಚರಿಸಿದ್ದನ್ನು ಮೌಲವಿಗಳಿಂದ ನಾವು ಕೇಳಿದ್ದೆವು. ಅದರ ಬಗ್ಗೆ ಒಂದು ಲೇಖನವನ್ನೂ ಉರ್ದುವಿನಿಂದ ಅನುವಾದಿಸಲಿಲ್ಲ. ಹಂದಿಯ ಬಗ್ಗೆ ಮಾಡಿದೆವು.

ಆ ಬಯಲು ಈಗ ಬಡಾವಣೆಯಾಗಿದೆ. ಗ್ರಾಮೀಣ ಭಾರತ ಬಯಲು ಶೌಚದಿಂದ ಮುಕ್ತವಾಯಿತೆಂದು 2019ರ ಅಕ್ಟೋಬರ್ 2ರಂದು ಘೋಷಣೆಯಾಯಿತು. ಅದೇ ಅವಧಿಯಲ್ಲಿ, 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಶೇಕಡ 19ರಷ್ಟು ಮನೆಗಳವರು ಯಾವ ಶೌಚಾಲಯವನ್ನೂ ಬಳಸುತ್ತಿರಲಿಲ್ಲ. ಘೋಷಣೆಯನ್ನು ಹಂದಿಗಳು ಓದಿರಲಾರವು.

ಇನ್ನೊಂದು ಸಂಗತಿ ನಮ್ಮನ್ನು ಬಹಳ ದಿನ ಕಾಡಿತು. 2001ರಲ್ಲಿ ವಿಜ್ಞಾನಿಗಳ ಒಂದು ತಂಡ ಈ ಹುಳುಗಳ ವಂಶಾವಳಿಯನ್ನು ಕೆದಕಿತು. ಮನುಷ್ಯನ ಲಾಡಿಹುಳುಗಳು ಹಂದಿ, ದನಗಳಿಂದ ಬಂದವು ಎಂದೇ ಎಲ್ಲರ ತಿಳಿವಳಿಕೆ. ಅವರು ಕಂಡದ್ದು ಬೇರೆ. ಆಫ್ರಿಕಾದ ಬಯಲುಗಳಲ್ಲಿ ಸಿಂಹ, ಕತ್ತೆಕಿರುಬಗಳು ತಿನ್ನುತ್ತಿದ್ದ ಬೇಟೆಗೆ ನಮ್ಮ ಪೂರ್ವಜರೂ ಬಾಯಿ ಹಾಕಿದಾಗ, ಪಶುಪಾಲನೆ ಎಂಬುದು ಹುಟ್ಟುವುದಕ್ಕೆ ಲಕ್ಷಾಂತರ ವರ್ಷ ಮೊದಲೇ, ಹುಳು ಮನುಷ್ಯನನ್ನು ಸೇರಿತ್ತು. ಹಂದಿ, ದನಗಳನ್ನು ಪಳಗಿಸಿ ಮನೆಯಂಗಳಕ್ಕೆ ತಂದ ಮೇಲೆ ನಾವೇ ಅವಕ್ಕೆ ದಾಟಿಸಿದೆವು. ಹೀಗೆಂದ ಮೇಲೆ ಹಂದಿಯ ಲಾಡಿಹುಳು ಎಂಬ ಹೆಸರೇ ಸುಳ್ಳು ಆಪಾದನೆ. ದೊಡ್ಡ ಹುಳುವಾಗಿ ಅದು ಬೆಳೆಯುವುದು ಮನುಷ್ಯನ ಕರುಳಿನಲ್ಲಿ ಮಾತ್ರ. ಮನುಷ್ಯನ ಲಾಡಿಹುಳು ಎಂದು ವೈದ್ಯರು ಅಂದು ಹೇಳಿದ್ದರೆ ಬಾವ ಅಷ್ಟು ಕುಗ್ಗುತ್ತಿದ್ದರೇ?

ಹುಳು ಹೊಸ ನೆಲಕ್ಕೆ ಹೋಗುವುದನ್ನು ಮನುಷ್ಯರು ಕಣ್ಣಾರೆ ಕಂಡ ಒಂದು ಪ್ರಕರಣವಿದೆ. ಪಶ್ಚಿಮ ನ್ಯೂಗಿನಿಯ ಎತ್ತರದ ಬೆಟ್ಟಗಳಲ್ಲಿ, ವಿಸೆಲ್ ಸರೋವರಗಳ ಸುತ್ತ ಎಕಾರಿ ಎಂಬ ಜನ ಇದ್ದಾರೆ. ಹಂದಿಯೇ ಅವರ ಸಂಪತ್ತು, ಅದೇ ವಧುದಕ್ಷಿಣೆ, ಅದೇ ಹಬ್ಬ. ತಲೆಮಾರುಗಳಿಂದ ಹಂದಿ ಸಾಕಿದರೂ ಈ ಹುಳು ಅವರಿಗೆ ಗೊತ್ತಿರಲಿಲ್ಲ. ಆ ನಾಡು 1969ರಲ್ಲಿ ಇಂಡೋನೇಷ್ಯಾದ ಭಾಗವಾಯಿತು. ಅದರ ಆಸುಪಾಸಿನ ವರ್ಷಗಳಲ್ಲಿ ಸರ್ಕಾರದ ಉಡುಗೊರೆಯಾಗಿ ಬಾಲಿ ದ್ವೀಪದ ಹಂದಿಗಳು ಅಲ್ಲಿಗೆ ಬಂದವು. ಹಂದಿಯ ಜೊತೆ ಹುಳುವೂ ಬಂತು. 1970ರ ದಶಕದ ಮೊದಲಲ್ಲಿ ಎನಾರೊಟಾಲಿಯ ಆಸ್ಪತ್ರೆಗೆ ಸುಟ್ಟಗಾಯದವರು ಒಬ್ಬರ ಹಿಂದೊಬ್ಬರು ಬರತೊಡಗಿದರು. ಬೆಟ್ಟದ ಚಳಿಗೆ ಗುಡಿಸಲಿನ ನಡುವೆ ಬೆಂಕಿ ಹಾಕಿಕೊಂಡು ಸುತ್ತ ಮಲಗುವ ಜನ. ರಾತ್ರಿ ಸೆಳವು ಬಂದು ಬೆಂಕಿಗೇ ಉರುಳುತ್ತಿದ್ದರು. ಸುಟ್ಟಗಾಯದ ಸಾಂಕ್ರಾಮಿಕ ಎಂದು ವೈದ್ಯಕೀಯ ಚರಿತ್ರೆಯಲ್ಲಿ ಇದು ದಾಖಲಾಗಿದೆ.

ಮುಸಲ್ಮಾನರು ಬಹುಸಂಖ್ಯಾತರಾಗಿರುವ ದೇಶದ ಸರ್ಕಾರ ಉಡುಗೊರೆ ಕೊಡಲು ಹಂದಿಯನ್ನು ಆರಿಸಿಕೊಂಡದ್ದು ಎಕಾರಿಗಳ ಇಷ್ಟ ಏನೆಂದು ತಿಳಿದೇ. ಅದರಲ್ಲಿ ಸೌಜನ್ಯವೂ ಇದ್ದಿರಬಹುದು. ಆದರೆ ತಾನು ತಿನ್ನದ್ದನ್ನು ಇನ್ನೊಬ್ಬರಿಗೆ ಕೊಡುವಾಗ ಅದರೊಳಗೆ ಏನಿದೆ ಎಂದು ನೋಡುವ ಹೊಣೆ ಕಡಿಮೆಯಾಗುತ್ತದೆಯೇ, ಹೆಚ್ಚುತ್ತದೆಯೇ? ನಮ್ಮ ಊರಿನ ಸಂದರ್ಭಕ್ಕೂ ಈ ಪ್ರಶ್ನೆ ಸಲ್ಲುತ್ತದೆ. ಹಂದಿಯ ಕಾಯಿಲೆ, ಹಂದಿ ಸಾಕುವವರ ಗುಡಿಸಲು, ಅವರ ಮಕ್ಕಳ ಹೊಟ್ಟೆ, ಇದಾವುದೂ ನಮಗೆ ಸಂಬಂಧಿಸಿದ್ದಲ್ಲ ಎಂದೇ ನಾವು ಬದುಕಿದವರು. ಕರ್ನಾಟಕದಲ್ಲಿ ಹಂದಿಜೋಗಿಗಳು, ಕೊರಮರು ಎಷ್ಟೋ ತಲೆಮಾರುಗಳಿಂದ ಈ ಪ್ರಾಣಿಯನ್ನು ನಂಬಿಕೊಂಡಿದ್ದಾರೆ. ಪುರಸಭೆಯವರು ಆಗಾಗ ಬಂದು ಹಂದಿ ಹಿಡಿದುಕೊಂಡು ಹೋದಾಗ ನಮ್ಮ ಮೊಹಲ್ಲಾದಲ್ಲೂ, ಪಕ್ಕದ ಅಗ್ರಹಾರದಲ್ಲೂ ಒಂದೇ ಬಗೆಯ ಸಂತೋಷ. ಹಿಂದೂ ಮುಸ್ಲಿಂ ಐಕ್ಯ ಇಷ್ಟು ಸಲೀಸಾಗಿ ಸಾಧ್ಯವಾಗುವ ಸಂದರ್ಭ ಬೇರೆ ಇರಲಾರದು!

ಮಾಡಬಹುದಾದ ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಪೆರು ದೇಶದ ತುಂಬೆಸ್ ಪ್ರಾಂತ್ಯದಲ್ಲಿ ಜನರಿಗೆ ಹುಳುವಿನ ಮಾತ್ರೆ, ಹಂದಿಗಳಿಗೆ ಔಷಧ ಮತ್ತು ಲಸಿಕೆ ಒಟ್ಟಿಗೆ ಕೊಟ್ಟು ನೋಡಿದರು. ಕೊನೆಗೆ 107 ಹಳ್ಳಿಗಳಲ್ಲಿ 105ರಲ್ಲಿ ಹುಳುವಿನ ಹರಡುವಿಕೆ ನಿಂತಿತ್ತು ಎಂದು 2016ರಲ್ಲಿ ವರದಿಯಾಯಿತು. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಮಾರ್ಷಲ್ ಲೈಟೌಲರ್ಸ್ ಎಂಬವರ ತಂಡ ರೂಪಿಸಿದ ಹಂದಿ ಲಸಿಕೆಯನ್ನು ತಯಾರಿಸುವುದು ನಮ್ಮ ಪಕ್ಕದ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್, ‘ಸಿಸ್‌ವ್ಯಾಕ್ಸ್’ ಎಂಬ ಹೆಸರಿನಲ್ಲಿ. ಹುಳು ಹೊತ್ತ ಮನುಷ್ಯನಿಗೆ ಬೇಕಾದ ಮಾತ್ರೆ ಹಳೆಯದು, ಅಗ್ಗದ್ದು. ಇದನ್ನು ಭೂಮಿಯಿಂದಲೇ ಅಳಿಸಬಹುದಾದ ರೋಗಗಳ ಪಟ್ಟಿಗೆ 1993ರಲ್ಲೇ ತಜ್ಞರು ಸೇರಿಸಿದ್ದರು. ಆದರೂ ಅಳಿದಿಲ್ಲ. ಹಂದಿಗೆ ಲಸಿಕೆ ಹಾಕಿಸಿ ಎಂದು ಬೀದಿಗಿಳಿಯುವವರು ಯಾರು? ತಿನ್ನುವವರಿಗೆ ದನಿಯಿಲ್ಲ, ದನಿಯಿದ್ದವರಿಗೆ ಹಂದಿಯ ಹೆಸರೆತ್ತಲು ನಾಚಿಕೆ. ನಮ್ಮ ಜಮಾಅತಿನ ಆರೋಗ್ಯ ಶಿಬಿರದಲ್ಲಿ ಒಮ್ಮೆ ಈ ವಿಷಯ ಎತ್ತಿದೆವು. ಹಿರಿಯರೊಬ್ಬರು, ‘ಸಕ್ಕರೆ ಕಾಯಿಲೆ ಇದೆಯಲ್ಲ, ಅದನ್ನು ಇಟ್ಟುಕೊಳ್ಳೋಣ’ ಎಂದರು.

ಹುಡುಗಿಗೆ ಮಾತ್ರೆಗಳು ಹಿಡಿದವು. ಆರು ತಿಂಗಳ ನಂತರದ ಸ್ಕ್ಯಾನಿನಲ್ಲಿ ಉಂಗುರ ಇರಲಿಲ್ಲ. ಸೆಳವಿನ ಮಾತ್ರೆಯನ್ನು ಎರಡು ವರ್ಷ ಕೊಟ್ಟು ನಿಲ್ಲಿಸಿದರು. ಆಮೇಲೆ ಒಮ್ಮೆಯೂ ಬಿದ್ದಿಲ್ಲ. ಪದವಿ ಮುಗಿಸಿ ಈಗ ಒಂದು ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳುತ್ತಾಳೆ. ಕೆಲಸದ ಹೆಂಗಸನ್ನು ಅಕ್ಕ ಒಂದೆರಡು ವರ್ಷದ ಮೇಲೆ ಹುಡುಕಿಕೊಂಡು ಹೋದಳು. ಅವಳು ಬೇರೆ ಮನೆ ಹಿಡಿದಿದ್ದಳು, ‘ಬರೋಕಾಗಲ್ಲ ಅಮ್ಮಾ’ ಎಂದಳಂತೆ. ಯಾಕೆ ಬಿಡಿಸಿದಿರಿ ಎಂದು ಕೇಳಲಿಲ್ಲವಂತೆ. ಅಕ್ಕ ಹೇಳಲು ಹೋದದ್ದನ್ನು ಹೇಳದೆ, ಒಯ್ದಿದ್ದ ಸೀರೆ ಕೊಟ್ಟು ಬಂದಳು.

ಮೊನ್ನೆ ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಅಪಸ್ಮಾರವಿದ್ದವರ ಮದುವೆಯೇ ಸಿಂಧುವಲ್ಲ ಎಂಬಂಥ ಮಾತು ಈ ದೇಶದ ಹಿಂದೂ ವಿವಾಹ ಕಾಯಿದೆಯಲ್ಲಿ 1999ರ ತನಕ ಇತ್ತು, ಆ ವರ್ಷ ತಿದ್ದುಪಡಿಯಾಗಿ ಹೋಯಿತು. ನಮ್ಮ ಶರೀಅತ್ತಿನಲ್ಲಿ ಅಂಥ ಅಡ್ಡಿಯೇ ಇಲ್ಲ. ಆದರೆ ಮದುವೆಯ ಮಾತು ನಡೆಯುವುದು ಕಾಯಿದೆಯ ಪುಸ್ತಕದ ಮೇಲಲ್ಲ, ಚಾಪೆಯ ಮೇಲೆ. ಬಾವ ಆಸ್ಪತ್ರೆಯ ಕಡತವನ್ನು ತೋರಿಸಿಲ್ಲ. ವಾಸಿಯಾದ ಕಾಯಿಲೆಯನ್ನು ಹೇಳಬೇಕೇಕೆ ಎನ್ನುತ್ತಾರೆ. ಮುಚ್ಚಿಟ್ಟು ಮಾಡಿದ ನಿಕಾಹ್ ನನಗೆ ಬೇಡ ಎನ್ನುತ್ತಾಳೆ ಹುಡುಗಿ. ತೀರ್ಪಿಗೆ ನಮ್ಮನ್ನು ಕರೆದರು. ಹೇಳಿ ಎಂದೆವು. ‘ಹಂದಿ ಎಂಬ ಪದವನ್ನು ಅವರ ಮುಂದೆ ಹೇಗೆ ಹೇಳಲಿ?’ ಎಂದರು ಬಾವ. ಅವರು ಬಂದಾಗ ನಾವೇ ಕುಳಿತು ಹೇಳುತ್ತೇವೆ, ಆ ನೋಟ್‌ಬುಕ್ಕನ್ನೂ ತೆಗೆದಿಟ್ಟಿರಿ ಎಂದಿದ್ದೇವೆ. ಬರುವ ಭಾನುವಾರ ಅವರು ಮತ್ತೆ ಬರುತ್ತಾರೆ.